ಗಡಾಯಿಕಲ್ಲಿಗೆ ಮುಖ ಮಾಡಿದ ಕೋಣೆ

…ಅಥವಾ ಅವರು ಕೂತದ್ದು ಲಾಬಿಯ ಬೆತ್ತದ ಸೋಫಾದ ಮೇಲಲ್ಲ, ತಮ್ಮದೇ ಸೂಟ್‌ಕೇಸಿನ ಮೇಲೆ ಇರಬಹುದು. ನನ್ನ ತಲೆಯಲ್ಲಿ ಎರಡು ಚಿತ್ರಗಳೂ ಇವೆ. ಎರಡರಲ್ಲೂ ಅದೇ ಹಸಿರು ಕಾಟನ್ ಸೀರೆ, ಮಡಿಲಲ್ಲಿ ಅದೇ ಸ್ಟೀಲಿನ ನೀರಿನ ಬಾಟಲಿ. ಈ ಪ್ರಸಂಗವನ್ನು ನಾನು ಬಹಳ ಸಲ ಹೇಳಿದ್ದೇನೆ. ಹೊಸಬರಿಗೆ ತರಬೇತಿ ಕೊಡುವಾಗ ಹೇಳಿದ್ದೇನೆ, ಮದುವೆ ಊಟದ ಸಾಲಿನಲ್ಲಿ ಪಕ್ಕದವರಿಗೂ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂತು. ಹೊಳೆಯ ಕಲ್ಲು ನುಣುಪಾದರೆ ಚಂದ. ನೆನಪು ನುಣುಪಾದರೆ ನನಗೆ ಅನುಮಾನ. ಹಾಗಾಗಿ ಈ ಸಲ ಗೊತ್ತಿರುವುದನ್ನು ಮಾತ್ರ ಗೊತ್ತು ಎನ್ನುತ್ತೇನೆ.

ಗೊತ್ತಿರುವುದು ಇಷ್ಟು. ಕೋವಿಡ್ ಕಳೆದ ಎರಡನೆಯ ವರ್ಷ, ಮೂರನೆಯದೂ ಇರಬಹುದು. ಅಕ್ಟೋಬರ್ ತಿಂಗಳು. ನಾನು ಬೆಳ್ತಂಗಡಿಯಿಂದ ಮೇಲಕ್ಕೆ, ಘಟ್ಟದ ಬುಡದಲ್ಲಿದ್ದ ಒಂದು ರೆಸಾರ್ಟಿನಲ್ಲಿ ಫ್ರಂಟ್ ಆಫೀಸ್ ಮ್ಯಾನೇಜರ್ ಆಗಿದ್ದೆ. ಬಂಟ್ವಾಳದಲ್ಲಿ ಮನೆ, ದಿನಾ ಬಸ್ಸಿನಲ್ಲಿ ಓಡಾಟ. ಯಾರಿಗೆ ಯಾವ ಕೋಣೆ ಎಂದು ತೀರ್ಮಾನಿಸುವ ಕೆಲಸ ನನ್ನದು. ಕೇಳಲು ಸಣ್ಣ ಕೆಲಸ. ಆದರೆ ಒಬ್ಬ ಮನುಷ್ಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಬೆಟ್ಟ ಕಾಣಬೇಕೋ ಜನರೇಟರ್ ಕಾಣಬೇಕೋ ಎಂಬುದನ್ನು ಇನ್ನೊಬ್ಬರು ಕಂಪ್ಯೂಟರಿನಲ್ಲಿ ಒಂದು ಹೆಸರನ್ನು ಎಳೆದು ಬಿಟ್ಟು ನಿರ್ಧರಿಸುತ್ತಾರೆ ಎಂದು ಗ್ರಾಹಕರಿಗೆ ಗೊತ್ತಿರುವುದಿಲ್ಲ. ಮೋಡ, ಅದೃಷ್ಟ, ದೇವರು ಎಂದೆಲ್ಲ ಅಂದುಕೊಂಡಿರುತ್ತಾರೆ. ಅದು ನಾನು.

ಟೈಮ್‌ಶೇರ್ ಎಂದರೇನು ಎಂದು ತಿಳಿಯದವರಿಗೆ ಎರಡು ಮಾತು. ಒಂದು ರೆಸಾರ್ಟಿನ ಕೋಣೆಯಲ್ಲಿ ವರ್ಷಕ್ಕೆ ಇಷ್ಟು ದಿನ ಉಳಿಯುವ ಹಕ್ಕನ್ನು ಮೊದಲೇ ಕೊಂಡಿಡುವುದು. ಅದೇ ಜಾಗಕ್ಕೆ ಪ್ರತಿವರ್ಷ ಹೋಗಲು ಬೇಸರವಾದರೆ ಆ ದಿನಗಳನ್ನು ಒಂದು ಎಕ್ಸ್‌ಚೇಂಜ್ ಕಂಪನಿಯ ಮೂಲಕ ಬೇರೆ ರೆಸಾರ್ಟಿನ ದಿನಗಳಿಗೆ ಬದಲಾಯಿಸಿಕೊಳ್ಳಬಹುದು. ಹೀಗೆ ಬರುವವರು ಎಕ್ಸ್‌ಚೇಂಜ್ ಗೆಸ್ಟ್. ಅವರು ಕೋಣೆಯ ಹಣವನ್ನು ಎಂದೋ, ಎಲ್ಲೋ ಕಟ್ಟಿ ಮುಗಿಸಿರುತ್ತಾರೆ. ನಮ್ಮ ಕೌಂಟರಿನಲ್ಲಿ ಅವರು ಬಿಚ್ಚುವುದು ಚಪ್ಪಲಿ ಮಾತ್ರ ಎಂದು ನಮ್ಮ ಜನರಲ್ ಮ್ಯಾನೇಜರ್ ತಮಾಷೆ ಮಾಡುತ್ತಿದ್ದರು. ಅವರು ಬೆಂಗಳೂರಿನವರು, ಕೆಟ್ಟವರಲ್ಲ. ಪೂರ್ತಿ ದರ ಬಾರದ ಕೋಣೆಯನ್ನು ಕಂಡರೆ ಅವರಿಗೆ ಸಹಿಸುತ್ತಿರಲಿಲ್ಲ, ಅಷ್ಟೆ.

ನಮ್ಮಲ್ಲಿ ಎರಡು ಸಾಲು ಕೋಣೆಗಳು. ಮುಂದಿನ ಸಾಲಿನ ಬಾಲ್ಕನಿಗಳಿಗೆ ಗಡಾಯಿಕಲ್ಲು ನೇರ ಎದುರು. ಬಯಲಿನಿಂದ ಒಂದೇ ಬಂಡೆಯಾಗಿ ಎದ್ದ ಗುಡ್ಡ ಅದು, ತಲೆಯ ಮೇಲೆ ಹಳೆಯ ಕೋಟೆಯ ಅವಶೇಷ. ಹಿಂದಿನ ಸಾಲಿಗೆ ಜನರೇಟರ್ ಶೆಡ್ಡು, ಬೆಡ್‌ಶೀಟು ಒಣಗಿಸುವ ಹಗ್ಗಗಳು, ಅದರಾಚೆ ಕೆಂಪುಕಲ್ಲು ಕಡಿದು ಬಿಟ್ಟ ಹೊಂಡ, ನಮ್ಮವರ ಮಾತಿನಲ್ಲಿ ಕೋರೆ. ಎಕ್ಸ್‌ಚೇಂಜ್‌ನವರಿಗೆ ಹಿಂದಿನ ಸಾಲು ಎಂಬುದು ಎಲ್ಲಿಯೂ ಬರೆದಿರದ ನಿಯಮ. ಮುಂದಿನ ಸಾಲಿನ ಒಂದೆರಡು ಕೋಣೆಗಳನ್ನು ಬುಕಿಂಗ್ ಇಲ್ಲದಿದ್ದರೂ ಖಾಲಿ ಹಿಡಿದಿಡುತ್ತಿದ್ದೆವು, ಸಂಜೆ ದಾರಿಯಲ್ಲಿ ಹೋಗುವವರು, ನಮ್ಮ ಭಾಷೆಯಲ್ಲಿ ವಾಕ್-ಇನ್, ಪೂರ್ತಿ ದರ ಕೊಟ್ಟು ತೆಗೆದುಕೊಂಡಾರು ಎಂದು.

ಈಗ ಕೆಲಸ ಬಿಟ್ಟಾಗಿದೆ, ಹೇಳಬಹುದು. ಎಕ್ಸ್‌ಚೇಂಜಿನಲ್ಲಿ ಹೋಗುವಾಗ ಒಳ್ಳೆಯ ನೋಟದ ಕೋಣೆ ಬೇಕಿದ್ದರೆ ಎಕ್ಸ್‌ಚೇಂಜ್ ಕಂಪನಿಗೆ ಹೇಳಿ ಕೂರಬೇಡಿ. ಅವರು ಬರೆದುಕೊಳ್ಳುವ ಕೋರಿಕೆ ನಮ್ಮ ಪರದೆಯ ಮೇಲೆ ಯಾರೂ ಓದದ ಮೂಲೆಗೆ ಬಂದು ಬೀಳುತ್ತದೆ. ಹೊರಡುವ ಎರಡು ಮೂರು ದಿನ ಮೊದಲು ರೆಸಾರ್ಟಿಗೇ ಫೋನ್ ಮಾಡಿ ಕೋಣೆ ಹಂಚುವವರ ಹೆಸರು ಕೇಳಿ. ಅವರ ಹತ್ತಿರ 'ಒಳ್ಳೆಯ ವ್ಯೂ' ಎನ್ನಬೇಡಿ, ನಮಗೆ ಎಲ್ಲ ವ್ಯೂವೂ ಒಳ್ಳೆಯದೇ, ಜನರೇಟರಿನದ್ದೂ. 'ಬೆಟ್ಟದ ಕಡೆ, ಮೇಲಿನ ಮಹಡಿ, ಇಂತಿಂಥ ಕೋಣೆ' ಎನ್ನಿ. ಶನಿವಾರ ಬಂದು ಜಗಳ ಮಾಡುವುದಕ್ಕಿಂತ ಸೋಮವಾರ ಬಂದು ನಗುವುದು ಮೇಲು. ಕೋಣೆ ಇಷ್ಟವಾಗದಿದ್ದರೆ ಪೆಟ್ಟಿಗೆ ಬಿಚ್ಚುವ ಮೊದಲೇ ಕೆಳಗೆ ಬನ್ನಿ. ಮಂಚದ ಮೇಲೆ ಒಮ್ಮೆ ಕೂತಿರೋ, ಮುಗಿಯಿತು.

ಇದೆಲ್ಲ ಹೊರಗಿನವರಿಗೆ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಜಿಲ್ಲೆಯವರಿಗೆ. ನಮ್ಮಲ್ಲಿ ಊಟಕ್ಕೆ ಕೂತವರನ್ನು 'ಇನ್ನೊಂದು ಸೌಟು ಹಾಕಲಾ?' ಎಂದು ಕೇಳಿದರೆ 'ಬೇಡ, ಸಾಕು' ಎನ್ನಬೇಕು. ಬಡಿಸುವವರು ಅದನ್ನು ನಂಬಬಾರದು. ಎರಡು ಸಲ ಬೇಡ ಎಂದು, ಮೂರನೆಯ ಸಲ ಎಲೆಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಪಾಯಸ ಹಾಕಿಸಿಕೊಳ್ಳುವುದು ಮರ್ಯಾದೆ. ಈ ಮರ್ಯಾದೆಯನ್ನು ಹೋಟೆಲಿನ ಕೌಂಟರಿಗೂ ತರುತ್ತಾರೆ. 'ನಿಮಗೆ ಯಾವ ಕೋಣೆ ಆಗಬಹುದು?' ಎಂದರೆ 'ಯಾವುದಾದ್ರೂ ಆದೀತು' ಎನ್ನುತ್ತಾರೆ. ಆದೀತು ಎಂದವರಿಗೆ ಕೋರೆಯ ಕಡೆಯ ಕೋಣೆ. ಕಂಪ್ಯೂಟರ್ ಎರಡನೆಯ ಸಲ ಒತ್ತಾಯ ಮಾಡುವುದಿಲ್ಲ.

ಆ ದಿನದ ಎಕ್ಸ್‌ಚೇಂಜ್ ಗೆಸ್ಟ್ ಅಳದಂಗಡಿಯ ಕಡೆಯ ಜೈನ ದಂಪತಿ. ಗಂಡ ಧರಣೇಂದ್ರ, ಗುರುವಾಯನಕೆರೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಹೆಂಡತಿ ಸುನಂದಾ, ಅರವತ್ತರ ಆಸುಪಾಸು. ಗಲ್ಫಿನಲ್ಲಿರುವ ಅವರ ತಮ್ಮ ಯಾರದೋ ಮಾತಿಗೆ ಮರುಳಾಗಿ ಗೋವಾದಲ್ಲಿ ಟೈಮ್‌ಶೇರ್ ಕೊಂಡಿದ್ದ. ಅವನಿಗೆ ರಜೆ ಇಲ್ಲ. ಈ ವರ್ಷ ಅಕ್ಕ ಹೋಗಲಿ ಎಂದ. ಅಕ್ಕ ಗೋವಾದ ದಿನಗಳನ್ನು ಕೊಟ್ಟು ತಮ್ಮದೇ ಮನೆಯಿಂದ ಅರ್ಧ ಗಂಟೆ ದೂರದ ನಮ್ಮ ರೆಸಾರ್ಟಿನಲ್ಲಿ ಎರಡು ರಾತ್ರಿ ಪಡೆದಿದ್ದರು. ನಮ್ಮ ಸಿಬ್ಬಂದಿಗೆ ಬೆಳಿಗ್ಗೆಯಿಂದ ಅದೇ ನಗೆ. 'ಸಮುದ್ರ ಬಿಟ್ಟು ಗುರುವಾಯನಕೆರೆ ದಾಟಿ ಬರುವವರುಂಟಾ!' ಎಂದು ಅಡುಗೆಯ ವಿಠಲಣ್ಣ ಕೇಳಿದ್ದ.

ಮಧ್ಯಾಹ್ನ ಮೂರರ ಮೇಲೆ ಬಂದರು. ನಾನು ಹಿಂದಿನ ಸಾಲಿನ ಕೀ ಕಾರ್ಡ್ ಕೊಟ್ಟೆ. ಹೋದವರು ಹೋದ ಹಾಗೆಯೇ ತಿರುಗಿ ಬಂದರು. ಸುನಂದಾ ಮುಂದೆ, ಸೂಟ್‌ಕೇಸ್ ಎಳೆಯುತ್ತ ಧರಣೇಂದ್ರ ಹಿಂದೆ.

"ಆ ಕೋಣೆ ನನಗೆ ಬೇಡ," ಎಂದರು ಸುನಂದಾ. ಶಾಲೆಯಲ್ಲಿ ಕಲಿತ, ತೂಗಿ ಇಡುವ ಕನ್ನಡ. "ಗಡಾಯಿಕಲ್ಲು ಕಾಣುವ ಕೋಣೆ ಕೊಡಿ."

"ಅದು ಅಲಾಟ್ ಆಗಿದೆ ಮೇಡಂ. ಎಕ್ಸ್‌ಚೇಂಜ್‌ಗೆ ಸ್ಟ್ಯಾಂಡರ್ಡ್ ಕೋಣೆ ಮಾತ್ರ…"

"ಇವರು ನಿಮಗೆ ಫೋನಿನಲ್ಲಿ ಹೇಳಲಿಲ್ಲವಾ?"

ಎರಡು ದಿನ ಹಿಂದೆ ನಾನೇ ಫೋನ್ ಮಾಡಿದ್ದೆ. ಧರಣೇಂದ್ರ 'ಎಂಥದೂ ಇಲ್ಲ, ಯಾವುದಾದ್ರೂ ಆದೀತು' ಎಂದಿದ್ದರು. ಅದನ್ನೇ ಹೇಳಿದೆ. ಆಮೇಲೆ ಗಂಡಹೆಂಡಿರ ನಡುವೆ ನಡೆದದ್ದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿದ್ದೇನೆ. ಖಾರ ಸ್ವಲ್ಪ ಇಳಿದಿರುತ್ತದೆ.

"ನಾನು ಪಕ್ಕದಲ್ಲೇ ನಿಂತು ಹೇಳಿಕೊಟ್ಟೆನಲ್ಲ, ಬೆಟ್ಟದ ಬದಿ ಅಂತ?"

"ಮೊದಲು ಬೇಡ ಅಂದೆ. ಅವರು ಇನ್ನೊಂದು ಸಲ ಕೇಳ್ತಾರೆ ಅಂತ ಕಾದೆ ಮಾರಾಯ್ತಿ. ಫೋನೇ ಇಟ್ರು."

"ಅವರೇನು ನಿಮ್ಮ ನೆಂಟರಾ, ಪುನಃ ಪುನಃ ಕೇಳ್ಲಿಕ್ಕೆ?"

"ಈಗೆಂಥ, ಮಲಗ್ಲಿಕ್ಕೆ ತಾನೇ? ಕಣ್ಣು ಮುಚ್ಚಿದ ಮೇಲೆ ಬೆಟ್ಟವೂ ಒಂದೇ, ಜನರೇಟರೂ ಒಂದೇ. ಬಾ, ಹೋಗುವ. ಜನ ನೋಡ್ತಾರೆ."

"ನೋಡ್ಲಿ. ನಾನೂ ನೋಡ್ಲಿಕ್ಕೇ ಬಂದದ್ದು," ಎಂದು ಸುನಂದಾ ಕೂತೇ ಬಿಟ್ಟರು. ಸೋಫಾವೋ ಸೂಟ್‌ಕೇಸೋ, ಒಟ್ಟಿನಲ್ಲಿ ಬಾಗಿಲಿಗೆ ನೇರ ಎದುರು, ಒಳಗೆ ಬರುವ ಪ್ರತಿಯೊಬ್ಬರೂ ಸುತ್ತು ಹಾಕಿ ಹೋಗಬೇಕಾದ ಜಾಗದಲ್ಲಿ.

ನಾನು ಎಲ್ಲ ಪಾಠಗಳನ್ನೂ ಪ್ರಯೋಗಿಸಿದೆ. ಎಳನೀರು ತರಿಸಿದೆ. ಕುಡಿದರು, ಏಳಲಿಲ್ಲ. ಸ್ಪಾದಲ್ಲಿ ರಿಯಾಯಿತಿ ಎಂದೆ. "ನನ್ನ ಬೆನ್ನು ಸರಿ ಉಂಟು," ಎಂದರು. ನಾಳೆ ನೋಡುವ ಎಂದೆ. "ನಾಳೆ ಗುಡುಗು ಮಳೆ ಅಂತ ಹೇಳಿದ್ದಾರೆ. ನನಗೆ ಇವತ್ತಿನ ಸಂಜೆ ಬೇಕು."

ಕೊನೆಗೆ ಕೌಂಟರ್ ಬಿಟ್ಟು ಹೋಗಿ ಅವರ ಪಕ್ಕದಲ್ಲಿ ಕೂತೆ. ಈ ಭಾಗ ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ಡ್ಯೂಟಿಯ ಹೊತ್ತಿನಲ್ಲಿ ಲಾಬಿಯಲ್ಲಿ ಕೂರುವುದು ನಮಗೆ ನಿಷಿದ್ಧವಾಗಿತ್ತು. ಯಾಕೆ ಅಷ್ಟು ಹಟ, ನಿಮ್ಮೂರಿನಿಂದಲೂ ಆ ಕಲ್ಲು ಕಾಣುವುದಿಲ್ಲವೇ ಎಂದು ಕೇಳಿದೆ.

"ಕಾಣುತ್ತದೆ. ನಮ್ಮ ಜಗಲಿಯಿಂದ ಚಂದ ಕಾಣುತ್ತದೆ," ಎಂದರು. "ಸಂಜೆ ಬಿಸಿಲು ಬಿದ್ದರೆ ಕಲ್ಲು ಕೆಂಪಾಗ್ತದಂತೆ. ಮಾವ ಹೇಳ್ತಿದ್ದರು, ಇವರು ಹೇಳ್ತಾರೆ, ಮನೆಗೆ ಬಂದ ನೆಂಟರೆಲ್ಲ ಹೇಳ್ತಾರೆ. ನಾನು ಇವತ್ತಿನವರೆಗೆ ನೋಡ್ಲಿಲ್ಲ."

"ಒಂದು ದಿನವೂ?"

"ನೀವೂ ಈ ಜಿಲ್ಲೆಯವರಲ್ಲವಾ, ನಮ್ಮ ಕ್ರಮ ಗೊತ್ತಿರಬೇಕು. ಹೊತ್ತು ಮುಳುಗುವ ಮೊದಲು ಊಟ ಆಗಬೇಕು. ಹಾಗಾದರೆ ಕಲ್ಲು ಕೆಂಪಾಗುವಾಗ ನಾನು ಎಲ್ಲಿರುತ್ತೇನೆ? ಒಲೆಯ ಎದುರು. ನಮ್ಮ ಅಡುಗೆಮನೆಯ ಕಿಟಕಿಗೆ ಬಚ್ಚಲಿನ ಗೋಡೆ. ಅವರೆಲ್ಲ ಜಗಲಿಯಲ್ಲಿ ಕೂತು, 'ಆಹಾ, ಕಲ್ಲು ನೋಡಿ' ಅಂತ ಹೇಳುವಾಗ ನಾನು ಒಳಗಿನಿಂದ 'ಊಟಕ್ಕೆ ಬನ್ನಿ' ಅಂತ ಕರೆಯುವುದು. ಅವರು ಎದ್ದು ಬರುತ್ತಾರೆ. ಬಡಿಸಿ, ನಾನೂ ಉಂಡು ಹೊರಗೆ ಬಂದರೆ ಕತ್ತಲೆ."

ಧರಣೇಂದ್ರ ಅಲ್ಲಿಯೇ ನಿಂತಿದ್ದರು. "ಒಂದು ದಿನ ಹೇಳಬಹುದಿತ್ತಲ್ಲ," ಎಂದರು.

"ಹೇಳಿದ್ರೆ? ಆ ದಿನ ನೀವು ಅಡುಗೆ ಮಾಡ್ತಿದ್ರಾ?"

"ಬೇಗ ಅಡುಗೆ ಮಾಡಿಡಬಹುದಿತ್ತು."

"ತಣ್ಣಗಿನ ಅನ್ನ ಹಾಕಿದ್ದಕ್ಕೆ ನಿಮ್ಮ ಅಪ್ಪ ಎದ್ದು ಹೋದದ್ದು ಮರೆತುಹೋಯ್ತಾ?"

ಸುನಂದಾ ನನ್ನ ಕಡೆ ತಿರುಗಿದರು. ಧ್ವನಿಯಲ್ಲಿ ಬೇಡಿಕೆ ಇರಲಿಲ್ಲ, ಅಳು ಅಂತೂ ಇಲ್ಲವೇ ಇಲ್ಲ. ಅಂಗಡಿಯಲ್ಲಿ ತೂಕ ಕಡಿಮೆ ಬಂದರೆ ತಕ್ಕಡಿ ತೋರಿಸುವವರ ಧ್ವನಿ. "ನಲ್ವತ್ತು ವರ್ಷದಿಂದ ಹಿಂದಿನ ಕಿಟಕಿಯಲ್ಲಿ ಇದ್ದೇನೆ. ಗೋವಾ ಕೊಟ್ಟು ಬಂದಿದ್ದೇನೆ. ಇಲ್ಲಿಯೂ ಹಿಂದಿನ ಕಿಟಕಿಯಾ? ನಾನು ಏಳುವುದಿಲ್ಲ."

ನಾನು ಕೌಂಟರಿಗೆ ಹೋಗಿ ಪರದೆ ನೋಡಿದೆ. ಮುಂದಿನ ಸಾಲಿನ ಮೇಲ್ಮಹಡಿಯ ಮೂಲೆಯ ಕೋಣೆ ಖಾಲಿಯಿತ್ತು. ಯಾರ ಹೆಸರೂ ಇಲ್ಲ, 'ಹೋಲ್ಡ್' ಎಂದು ಹಳದಿ ಬಣ್ಣ. ಆ ಹೋಲ್ಡ್ ತೆಗೆಯಲು ಜನರಲ್ ಮ್ಯಾನೇಜರರ ಅನುಮತಿ ಬೇಕು. ಅವರ ಕ್ಯಾಬಿನ್ನಿಗೆ ಹೋದೆ.

"ನೋಡಿ ಶೈಲಾ," ಎಂದರು ಅವರು, "ಇವತ್ತು ಇವರಿಗೆ ಕೊಟ್ರೆ ನಾಳೆ ಎಲ್ಲ ಎಕ್ಸ್‌ಚೇಂಜ್‌ನವರೂ ಲಾಬೀಲಿ ಕೂತ್ಕೋತಾರೆ. ಸಂಜೆ ವಾಕ್-ಇನ್ ಬಂದ್ರೆ ಏನ್ ತೋರಿಸ್ತೀರ?"

"ಜನರೇಟರ್ ತೋರಿಸ್ತೇನೆ ಸರ್."

"ಜೋಕ್ ಮಾಡ್ಬೇಡಿ. ಲೋಕಲ್ ಜನ ಅವರು. ದಿನಾ ನೋಡೋ ಬೆಟ್ಟ ತಾನೇ ಅದು?"

ಇಲ್ಲಿ ನಾನು ಒಂದು ಭಾಷಣ ಮಾಡಿದೆ ಎಂದು ತರಬೇತಿಯಲ್ಲಿ ಹೇಳುತ್ತ ಬಂದಿದ್ದೇನೆ. ಮಾಡಿರಲಿಕ್ಕಿಲ್ಲ. ನಾನು ಹೇಳಿದ್ದು ಬಹುಶಃ ಇಷ್ಟೇ: "ಕೋಣೆ ಖಾಲಿ ಉಂಟು ಸರ್. ಬಾರದವರಿಗೆ ಅಂತ ಇಟ್ಟದ್ದನ್ನು ಬಂದವರಿಗೆ ಕೊಡ್ತೇನೆ."

"ನಾನು ಬೇಡ ಅಂತಿದೀನಿ."

"ಕೇಳಿಸಿತು ಸರ್."

ಹೊರಗೆ ಬಂದು ನನ್ನ ಲಾಗಿನ್‌ನಲ್ಲಿಯೇ ಹೋಲ್ಡ್ ತೆಗೆದೆ. ಆ ಯಂತ್ರ 'ಖಚಿತವೇ?' ಎಂದು ಕೇಳುತ್ತದೆ. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಓದಿ ಉತ್ತರಿಸಿದ್ದು ಅದೇ ಮೊದಲು.

ಕೀ ಕಾರ್ಡ್ ಕೊಟ್ಟಾಗ ಸುನಂದಾ ಥ್ಯಾಂಕ್ಸ್ ಹೇಳಲಿಲ್ಲ. ಅವರದ್ದನ್ನು ಅವರಿಗೆ ಕೊಟ್ಟದ್ದಕ್ಕೆ ಯಾಕೆ ಹೇಳಬೇಕು? ಆದರೆ ಎದ್ದು ಹೊರಟವರು ಥಟ್ಟನೆ ನಿಂತರು. "ಊಟ?" ಎಂದರು.

ಅದು ನನ್ನ ತಲೆಗೇ ಹೋಗಿರಲಿಲ್ಲ. ನಮ್ಮ ರಾತ್ರಿಯೂಟ ಶುರುವಾಗುವುದು ಏಳೂವರೆಗೆ. ಹೊತ್ತು ಮುಳುಗುವುದು ಆರರ ಆಸುಪಾಸಿಗೆ. ಅವರ ಲೆಕ್ಕದಲ್ಲಿ ಕಲ್ಲು ಕೆಂಪಾಗುವ ಹೊತ್ತೇ ಊಟದ ಹೊತ್ತು. ಉಣ್ಣಲು ಕೆಳಗೆ ಬಂದರೆ ಪುನಃ ಅದೇ ಕಥೆ. ಅಡುಗೆಮನೆಗೆ ಫೋನ್ ಮಾಡಿದೆ.

"ಈಗವಾ?" ವಿಠಲಣ್ಣ ಕಿರುಚಿದ. "ನಾನು ಈಗಷ್ಟೇ ಬನಿಯನ್ ಬಿಚ್ಚಿ ಕೂತದ್ದು ಮಾರಾಯ್ತಿ."

"ಬನಿಯನ್ ಹಾಕಿಕೊಳ್ಳಿ. ನೀರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆ ಇಲ್ಲ. ಬಿಸಿ ಇರಬೇಕು. ಬಾಲ್ಕನಿಗೆ."

"ಇಷ್ಟೆಲ್ಲ ಇಲ್ಲದ ಮೇಲೆ ಉಳಿದದ್ದೆಂಥ, ನಾನಾ?" ಎಂದ. ಆದರೆ ನೀರುದೋಸೆ ಹೊಯ್ದ. ತೆಂಗಿನಕಾಯಿ ಚಟ್ನಿ, ಹೆಸರುಕಾಳಿನ ಪಲ್ಯ ಮಾಡಿ, ಹುಡುಗರು ಯಾರೂ ಡ್ಯೂಟಿಗೆ ಬಂದಿರಲಿಲ್ಲವಾದ್ದರಿಂದ ತಾನೇ ಟ್ರೇ ಹೊತ್ತು ಮೇಲೆ ಹೋದ.

ನಾನು ಕೌಂಟರಿನಲ್ಲಿದ್ದೆ. ನಮ್ಮ ಲಾಬಿಯಿಂದ ರಸ್ತೆ ಮಾತ್ರ ಕಾಣುತ್ತದೆ. ಗಡಾಯಿಕಲ್ಲು ಕಟ್ಟಡದ ಆಚೆ ಮಗ್ಗುಲಿಗೆ. ರಸ್ತೆಯ ಮೇಲಿನ ಬಿಸಿಲು ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಅಕ್ಟೋಬರಿನ ಮೋಡವನ್ನು ನಂಬುವ ಹಾಗಿಲ್ಲ. ಕಲ್ಲಿನ ನೆತ್ತಿಯನ್ನು ಅದು ಹಿಡಿದರೆ ಗುಡ್ಡವೇ ಇಲ್ಲದ ಹಾಗೆ ಅಳಿಸಿಬಿಡುತ್ತದೆ. ಎದ್ದು ಹೋಗಿ ನೋಡಬೇಕೆನಿಸಿತು. ಆಗಲೇ ಮಂಗಳೂರಿನ ಕಡೆಯಿಂದ ಒಂದು ಕಾರು ಬಂತು, ನಾಲ್ಕು ಜನ, ಬುಕಿಂಗ್ ಇಲ್ಲ. ಜನರಲ್ ಮ್ಯಾನೇಜರ್ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ನಾನು ಹಿಂದಿನ ಸಾಲಿನ ಕೋಣೆ ಇದೆ ಎಂದೆ. 'ಎಸಿ ಉಂಟಲ್ಲ? ಸಾಕು' ಎಂದು ಪೂರ್ತಿ ದರ ಕೊಟ್ಟು ಹೋದರು. ಹೋದವರೇ ಪರದೆ ಎಳೆದುಕೊಂಡರು. ಹೀಗೆ ಹೇಳುತ್ತ ಬಂದಿದ್ದೇನೆ. ಆದರೆ ಇದು ಬಹಳ ಅಚ್ಚುಕಟ್ಟಾಗಿದೆ. ಕಾರು ಬಂದದ್ದು ನಿಜ. ಅವರು ಉಳಿದರೋ, ಬೆಟ್ಟದ ಕೋಣೆ ಇಲ್ಲವೆಂದು ಹೊರಟೇ ಹೋದರೋ, ನಾನು ಪ್ರಮಾಣ ಮಾಡಲಾರೆ. ಹೊರಟು ಹೋಗಿದ್ದರೂ ನಾನು ಮಾಡಿದ್ದು ಸರಿಯೇ. ಅದಕ್ಕೆ ಆ ಕಾರಿನ ಸಾಕ್ಷಿ ಬೇಕಿಲ್ಲ.

ವಿಠಲಣ್ಣ ಖಾಲಿ ಟ್ರೇ ಹಿಡಿದು ಬಂದ. ಕಲ್ಲು ಕಾಣುತ್ತಿತ್ತಾ ಎಂದು ಕೇಳಿದೆ.

"ನೆತ್ತಿಗೆ ಮೋಡ ಮುಟ್ಟಿತ್ತು. ಯಜಮಾನ್ರು ಒಳಗೆ ಟಿ.ವಿ. ಹಾಕಿದ್ರು. ಆ ಅಮ್ಮ ಮಾತ್ರ ನನ್ನ ಮುಖವೂ ನೋಡ್ಲಿಲ್ಲ, ದೋಸೆಯೂ ನೋಡ್ಲಿಲ್ಲ. ಬಿಸಿ ಉಂಟು ಅಂದೆ. 'ಇಡಿ, ಇವತ್ತು ತಣ್ಣಗಾದ್ರೂ ಅಡ್ಡಿಯಿಲ್ಲ' ಅಂದ್ರು."

ಮರುದಿನ ಹೇಳಿದ ಹಾಗೆಯೇ ಮಧ್ಯಾಹ್ನದಿಂದ ಗುಡುಗು, ಮಳೆ. ಬೆಟ್ಟದ ಕಡೆ ಬರೀ ಬೂದಿ ಬಣ್ಣ. ಅಂದರೆ ಅವರಿಗೆ ಸಿಕ್ಕಿದ್ದು ಒಂದೇ ಸಂಜೆ.

ಜನರಲ್ ಮ್ಯಾನೇಜರ್ ನನ್ನಿಂದ ಲಿಖಿತ ವಿವರಣೆ ಕೇಳಿದರು. 'ಕೋಣೆ ಖಾಲಿ ಇತ್ತು' ಎಂದು ಒಂದು ಸಾಲು ಬರೆದು ಕೊಟ್ಟೆ. ಇದು ಸಾಲದು ಎಂದರು. ಅದರ ಕೆಳಗೆ 'ಇನ್ನು ಮುಂದೆಯೂ ಖಾಲಿ ಇದ್ದರೆ ಕೊಡುತ್ತೇನೆ' ಎಂದು ಸೇರಿಸಿದೆ. ಕೆಲವು ತಿಂಗಳು ಮುಂದಿನ ಸಾಲನ್ನು ಹಂಚುವ ಅಧಿಕಾರವನ್ನು ನನ್ನಿಂದ ತೆಗೆದರು. ಪ್ರತಿದಿನ ಬೆಳಿಗ್ಗೆ ಅವರ ಕ್ಯಾಬಿನ್ನಿಗೆ ಹೋಗಿ, ಎಕ್ಸ್‌ಚೇಂಜ್ ಗೆಸ್ಟ್‌ಗಳ ಹೆಸರು ಓದಿ, ಇವರಿಗೆ ಬೆಟ್ಟದ ಕೋಣೆ ಆಗಬಹುದಾ ಸರ್ ಎಂದು ಕೇಳುತ್ತಿದ್ದೆ. ಬೇಡ ಎಂದರೆ ಎರಡನೆಯ ಸಲ ಕೇಳುತ್ತಿದ್ದೆ. ಮೂರನೆಯ ಸಲವೂ ಕೇಳುತ್ತಿದ್ದೆ. ನಮ್ಮ ಜಿಲ್ಲೆಯ ಮರ್ಯಾದೆ ಅದು, ಬೇಡ ಎಂದವರನ್ನು ನಂಬಬಾರದು. ಕೊನೆಗೆ ಬೇಸತ್ತು ಅವರೇ ಅಧಿಕಾರ ತಿರುಗಿ ಕೊಟ್ಟರು. ಅಂದಿನಿಂದ ನಾನು ಊರಿನವರಿಗೆ ಫೋನ್ ಮಾಡಿದಾಗ 'ಯಾವುದಾದ್ರೂ ಆದೀತು' ಎಂದರೆ ಫೋನ್ ಇಡುತ್ತಿರಲಿಲ್ಲ. ಪಕ್ಕದಲ್ಲಿ ಯಾರಿದ್ದಾರೆ, ಅವರಿಗೆ ಕೊಡಿ ಎನ್ನುತ್ತಿದ್ದೆ. ಕೆಲಸ ಕಲಿಸಿದ ಪಾಠ ಏನು ಎಂದು ಕೇಳಿದರೆ ಇದೇ: ಬೇಕಾದದ್ದನ್ನು ಬಾಯಿ ಬಿಟ್ಟು ಕೇಳಿ, ಕೊಡದಿದ್ದರೆ ದಾರಿಗೆ ಅಡ್ಡ ಕೂತುಕೊಳ್ಳಿ.

ಆ ದಂಪತಿ ಹೊರಡುವ ದಿನ ಕೌಂಟರಿಗೆ ಬಂದರು. ಸುನಂದಾ ಕೀ ಕಾರ್ಡನ್ನು ಮೇಜಿನ ಮೇಲಿಟ್ಟರು. ನಾನು ಕೇಳಿದೆ, "ಕಂಡಿತಾ?"

"ಎಂಥ ಕಾಣುವುದು," ಎಂದರು ಧರಣೇಂದ್ರ. "ಪೂರ್ತಿ ಮೋಡ. ಗೋವಾಕ್ಕಾದರೂ ಹೋಗಬಹುದಿತ್ತು."

"ಕಂಡಿತು," ಎಂದರು ಸುನಂದಾ.

"ಎಲ್ಲಿ ಕಂಡದ್ದು? ನಾನು ಅಲ್ಲೇ ಇದ್ದೆನಲ್ಲ?"

"ನೀವು ಒಳಗಿದ್ರಿ," ಎಂದು ಸುನಂದಾ ಸೂಟ್‌ಕೇಸಿಗೆ ಕೈ ಹಾಕದೆ, ಅದನ್ನು ಗಂಡನಿಗೆ ಬಿಟ್ಟು, ಮೆಟ್ಟಿಲು ಇಳಿದು ಹೋದರು.

ಅವರನ್ನು ಪುನಃ ನೋಡಲಿಲ್ಲ. ಆಮೇಲೆ ಎಷ್ಟೋ ಸಂಜೆ ಆ ಮೂಲೆಯ ಬಾಲ್ಕನಿಯಲ್ಲಿ ನಿಂತು ನಾನು ಕಲ್ಲು ಕೆಂಪಾಗುವುದನ್ನು ನೋಡಿದ್ದೇನೆ. ಅದು ಕೆಲವೇ ನಿಮಿಷದ ಸಂಗತಿ, ಟಿ.ವಿ. ನೋಡುತ್ತಿದ್ದವರಿಗೆ ತಪ್ಪಿಹೋಗುವಷ್ಟು. ಮೋಡ ಅಷ್ಟು ಹೊತ್ತು ಸರಿದಿರಬಹುದು. ಸರಿಯದೆಯೂ ಇರಬಹುದು, ಗಂಡನೆದುರು ಸೋಲಲು ಮನಸ್ಸಿಲ್ಲದೆ ಅವರು ಹಾಗೆ ಹೇಳಿರಬಹುದು. ಆ ಸಂಜೆ ಗಡಾಯಿಕಲ್ಲು ಕೆಂಪಾಯಿತೇ ಇಲ್ಲವೇ, ನನಗೆ ಗೊತ್ತಿಲ್ಲ.